ಬಂಡೆಯ ಮೇಲೆ ಶಾಸನವಿದೆ, ರಸ್ತೆ ಎಲ್ಲಿ?

ಪ್ರಶ್ನೆ: ಸರ್ಬಿಯಾ ಮತ್ತು ರೊಮೇನಿಯಾ ಗಡಿಯಲ್ಲಿ ಡ್ಯಾನ್ಯೂಬ್ ನದಿಯ ಕಮರಿಯನ್ನು ದೋಣಿಯಲ್ಲಿ ದಾಟುವಾಗ, ನೀರಿನಿಂದ ಸ್ವಲ್ಪವೇ ಮೇಲೆ ಬಂಡೆಯಲ್ಲಿ ಕೊರೆದ ಲ್ಯಾಟಿನ್ ಶಾಸನವೊಂದನ್ನು ತೋರಿಸಿದರು. ರೋಮನ್ ಚಕ್ರವರ್ತಿ ಟ್ರಾಜನ್ ಇಲ್ಲಿ ರಸ್ತೆ ಮಾಡಿಸಿದ ನೆನಪಿಗೆ ಹಾಕಿಸಿದ್ದು ಎಂದರು. ಆದರೆ ಅಲ್ಲಿ ಕಾಲಿಡಲೂ ಜಾಗವಿಲ್ಲ, ಬಂಡೆ ನೇರ ನೀರಿಗೆ ಇಳಿಯುತ್ತದೆ. ಮನೆಗೆ ಬಂದು ಹುಡುಕಿದರೆ ಒಂದು ಅನುವಾದದಲ್ಲಿ ‘ಬೆಟ್ಟದ ತಿರುವುಗಳನ್ನು ಜಯಿಸಿ’ ಎಂದಿದೆ, ಇನ್ನೊಂದರಲ್ಲಿ ‘ಮರದ ತೊಲೆಗಳನ್ನು ಬಳಸಿ’ ಎಂದಿದೆ. ಯಾವುದು ಸರಿ? ರಸ್ತೆ ನಿಜವಾಗಿ ಇತ್ತೆ?

ಉತ್ತರ: ರಸ್ತೆ ಇತ್ತು. 1960ರ ದಶಕದವರೆಗೂ ಅದರ ಕುರುಹುಗಳನ್ನು ಕೈಯಿಂದ ಮುಟ್ಟಿ ನೋಡಬಹುದಿತ್ತು. ಈಗ ಅದು ನಿಮ್ಮ ದೋಣಿಯ ಕೆಳಗೆ, ಹಿನ್ನೀರಿನ ಆಳದಲ್ಲಿದೆ.

ನೀವು ನೋಡಿದ್ದು ‘ತಾಬುಲಾ ತ್ರಾಯಾನಾ’, ಅಂದರೆ ಟ್ರಾಜನ್ ಫಲಕ. ಅದು ಸರ್ಬಿಯಾದ ದಡದಲ್ಲಿ, ಕ್ಲಾದೊವೊ ಪಟ್ಟಣದಿಂದ ನದಿಯ ಮೇಲ್ಭಾಗಕ್ಕೆ, ‘ಐರನ್ ಗೇಟ್ಸ್’ ಎಂದು ಹೆಸರಾದ ಕಮರಿಯೊಳಗಿದೆ. ಸರ್ಬಿಯಾದವರು ಈ ಕಮರಿಯನ್ನು ಜೆರ್ದಾಪ್ ಎನ್ನುತ್ತಾರೆ. ಸುಮಾರು 130 ಕಿಲೋಮೀಟರ್ ಉದ್ದದ ಈ ಇಕ್ಕಟ್ಟಿನಲ್ಲಿ ಅತ್ಯಂತ ಕಿರಿದಾದ ಭಾಗದ ಹೆಸರು ಕಜಾನ್. ಅಲ್ಲಿ ಡ್ಯಾನ್ಯೂಬ್‌ನಂಥ ಮಹಾನದಿಯ ಅಗಲ 150 ಮೀಟರಿಗೆ ಇಳಿಯುತ್ತದೆ. ಕಜಾನ್ ಎಂದರೆ ಕಡಾಯಿ. ಅಣೆಕಟ್ಟು ಬರುವ ಮುನ್ನ ನೀರು ಅಲ್ಲಿ ಹೇಗೆ ಕುದಿಯುತ್ತಿತ್ತು ಎಂಬುದನ್ನು ಆ ಹೆಸರೇ ಹೇಳುತ್ತದೆ.

ಯುಗೊಸ್ಲಾವಿಯಾ ಮತ್ತು ರೊಮೇನಿಯಾ ಸೇರಿ 1964ರಲ್ಲಿ ಅಣೆಕಟ್ಟಿನ ಕೆಲಸ ಆರಂಭಿಸಿ 1972ರಲ್ಲಿ ಮುಗಿಸಿದವು. ಅಣೆಕಟ್ಟಿನ ಸಮೀಪ ನೀರಿನ ಮಟ್ಟ ಮೂವತ್ತು ಮೀಟರಿಗೂ ಹೆಚ್ಚು ಏರಿತು. ತುರ್ಕಿ ಜನರ ವಸತಿಯಿದ್ದ ಅದಾ ಕಾಲೆ ಎಂಬ ದ್ವೀಪ ಇಡಿಯಾಗಿ ಮುಳುಗಿತು. ಎಂಟು ಸಾವಿರ ವರ್ಷಕ್ಕೂ ಹಳೆಯ ಲೆಪೆನ್‌ಸ್ಕಿ ವೀರ್ ನೆಲೆಯನ್ನು ದ್ರಾಗೊಸ್ಲಾವ್ ಸ್ರೆಯೊವಿಚ್ ಅವರ ತಂಡ 1965ರಿಂದ 1970ರವರೆಗೆ ಅಗೆದು, ಅದರ ಮುಖ್ಯ ಭಾಗವನ್ನು ದಡದ ಮೇಲಕ್ಕೆ ಸಾಗಿಸಿತು. ಟ್ರಾಜನ್ ಫಲಕವಿದ್ದ ಬಂಡೆಯ ತುಂಡನ್ನೂ ಬೆಟ್ಟದ ಮೈಯಿಂದ ಕತ್ತರಿಸಿ ತೆಗೆದು, ಇಪ್ಪತ್ತು ಮೀಟರಿಗೂ ಹೆಚ್ಚು ಮೇಲಕ್ಕೆ ಎತ್ತಿ, ಅಲ್ಲಿ ಕೊರೆದ ಗೂಡಿನಲ್ಲಿ ಕೂರಿಸಿದರು. ಕಿಲೋಮೀಟರುಗಟ್ಟಲೆ ಉದ್ದದ ರಸ್ತೆಯನ್ನು ಹಾಗೆ ಎತ್ತಲು ಆಗುತ್ತಿರಲಿಲ್ಲ. ನೀವು ನೋಡಿದ್ದು ರಸ್ತೆಯಿಂದ ಬೇರ್ಪಟ್ಟ ಶಾಸನವನ್ನು. ಅದರ ಅನುವಾದಗಳಲ್ಲಿ ಗೊಂದಲ ಇಷ್ಟು ಸುಲಭವಾಗಿ ಉಳಿದುಕೊಳ್ಳಲು ಇದೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ಪಕ್ಕದಲ್ಲಿ ರಸ್ತೆ ಕಾಣುತ್ತಿದ್ದರೆ ಓದುಗರು ಎದುರಿನ ಬಂಡೆಯನ್ನೇ ನೋಡಿ ಅರ್ಥವನ್ನು ತಾಳೆ ಹಾಕಬಹುದಿತ್ತು.

ಇನ್ನು ಶಾಸನದ ಮಾತಿಗೆ ಬರೋಣ. ಆರು ಸಾಲುಗಳು. ಸಂಕ್ಷೇಪಾಕ್ಷರಗಳನ್ನು ಬಿಡಿಸಿ ಓದಿದರೆ ಮೊದಲ ನಾಲ್ಕು ಸಾಲು ಹೀಗಿವೆ: ‘ಇಂಪೆರಾತೊರ್ ಕೈಸರ್, ದೀವಿ ನೆರ್ವೇ ಫೀಲಿಯುಸ್, ನೆರ್ವಾ ತ್ರಾಯಾನುಸ್ ಔಗುಸ್ತುಸ್ ಗೆರ್ಮಾನಿಕುಸ್, ಪೊಂತಿಫೆಕ್ಸ್ ಮಾಕ್ಸಿಮುಸ್, ತ್ರಿಬುನಿಕಿಯಾ ಪೊತೆಸ್ತಾತೆ ನಾಲ್ಕು, ಪಾತೆರ್ ಪಾತ್ರಿಯೇ, ಕೋನ್ಸುಲ್ ಮೂರು’. ದೈವತ್ವಕ್ಕೇರಿದ ನೆರ್ವನ ಮಗ, ಚಕ್ರವರ್ತಿ ನೆರ್ವಾ ಟ್ರಾಜನ್, ಜರ್ಮನರನ್ನು ಗೆದ್ದವನು, ಮಹಾಪುರೋಹಿತ, ನಾಲ್ಕನೆಯ ಬಾರಿ ಟ್ರಿಬ್ಯೂನ್ (ಜನಪ್ರತಿನಿಧಿ) ಅಧಿಕಾರ ಹೊಂದಿದವನು, ನಾಡಿನ ತಂದೆ, ಮೂರನೆಯ ಬಾರಿ ಕಾನ್ಸಲ್ (ರೋಮಿನ ಅತ್ಯುನ್ನತ ಅಧಿಕಾರಿ) ಆದವನು. ಇಷ್ಟೂ ಬಿರುದಾವಳಿ.

ಬಿರುದಾವಳಿಯೆಂದು ಇದನ್ನು ಹಾರಿಸಿ ಓದಬೇಡಿ. ಶಾಸನದಲ್ಲಿ ಇಸವಿಯ ಉಲ್ಲೇಖ ಎಲ್ಲಿಯೂ ಇಲ್ಲ. ಕಾಲವನ್ನು ತಿಳಿಸುವುದು ಈ ಬಿರುದುಗಳೇ. ಟ್ರಿಬ್ಯೂನ್ ಅಧಿಕಾರವನ್ನು ಚಕ್ರವರ್ತಿಗಳು ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಎಣಿಸುತ್ತಿದ್ದರು. ಟ್ರಾಜನ್‌ಗೆ ನಾಲ್ಕನೆಯದು ನಡೆದದ್ದು ಕ್ರಿ.ಶ. 99ರ ಡಿಸೆಂಬರಿನಿಂದ 100ರ ಡಿಸೆಂಬರಿನವರೆಗೆ. ಮೂರನೆಯ ಬಾರಿ ಕಾನ್ಸಲ್ ಆದದ್ದು 100ರಲ್ಲಿ. ಎರಡನ್ನೂ ಒಟ್ಟಿಗೆ ಇಟ್ಟರೆ ಶಾಸನದ ವರ್ಷ 100 ಎಂದು ನಿಲ್ಲುತ್ತದೆ. ಇಲ್ಲದಿರುವ ಬಿರುದು ಕೂಡ ಸಾಕ್ಷಿಯೇ. ನದಿಯಾಚೆಯ ರಾಜ್ಯ ಡೇಸಿಯಾದ ಮೇಲಿನ ಮೊದಲ ಯುದ್ಧ ಗೆದ್ದ ಮೇಲೆ, 102ರ ಕೊನೆಯಲ್ಲಿ, ಟ್ರಾಜನ್ ‘ದಾಕಿಕುಸ್’ ಎಂಬ ಬಿರುದನ್ನು ಧರಿಸಿದ. ಇಲ್ಲಿ ಆ ಮಾತಿಲ್ಲ. ರಸ್ತೆ ಸಿದ್ಧವಾದಾಗ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಮರುವರ್ಷವೇ, 101ರಲ್ಲಿ, ಅವನ ಸೈನ್ಯ ಡ್ಯಾನ್ಯೂಬನ್ನು ದಾಟಿತು.

ಆಗಿನ ಸ್ಥಿತಿಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ನದಿಯ ಆಚೆ, ಡೇಸಿಯಾದಲ್ಲಿ, ಡೆಸೆಬಾಲಸ್ ಎಂಬ ಬಲಾಢ್ಯ ಅರಸ. 89ರಲ್ಲಿ ಆಗಿನ ಚಕ್ರವರ್ತಿ ಡೊಮಿಶಿಯನ್ ಅವನೊಂದಿಗೆ ಮಾಡಿಕೊಂಡ ಒಪ್ಪಂದದಂತೆ ರೋಮ್ ಅವನಿಗೆ ಹಣವನ್ನೂ ಕುಶಲಕರ್ಮಿಗಳನ್ನೂ ಕೊಡುತ್ತಿತ್ತು. ಟ್ರಾಜನ್ ಚಕ್ರವರ್ತಿಯಾದ ಮೇಲೆ ನೇರವಾಗಿ ರೋಮಿಗೆ ಹೋಗದೆ 98-99ರಲ್ಲಿ ಡ್ಯಾನ್ಯೂಬ್ ಗಡಿಯನ್ನು ನೋಡಿಕೊಂಡು ಹೋದ. ಮೇಲ್ಭಾಗದಲ್ಲಿ ವಿಮಿನಾಕಿಯುಮ್‌ನಲ್ಲಿ, ಅಂದರೆ ಇಂದಿನ ಕೊಸ್ತೊಲಾತ್ಸ್‌ನಲ್ಲಿ, ದೊಡ್ಡ ಸೇನಾನೆಲೆ ಇತ್ತು. ಕೆಳಭಾಗದ ಬಯಲಿನ ಕೋಟೆಗಳಿಗೂ ಅದಕ್ಕೂ ನಡುವೆ ಈ ಕಮರಿ. ಸುಳಿ ಮತ್ತು ಬಂಡೆಗಳ ನಡುವೆ ಪ್ರವಾಹದೊಂದಿಗೆ ದೋಣಿ ಇಳಿಸುವುದೇ ಪ್ರಾಣಾಪಾಯದ ಕೆಲಸ. ಪ್ರವಾಹಕ್ಕೆ ಎದುರಾಗಿ ಹುಟ್ಟು ಹಾಕಿ ಏರುವುದಂತೂ ಆಗದ ಮಾತು. ದಡದ ಮೇಲಿಂದ ಹಗ್ಗ ಕಟ್ಟಿ ಎಳೆಯಬೇಕು. ಎಳೆಯುವವರು ಕಾಲೂರಲು ದಾರಿ ಬೇಕು. ಈ ರಸ್ತೆಯಲ್ಲಿ ಸೈನಿಕರು ನಡೆದದ್ದು ನಿಜ, ಜೊತೆಗೆ ಅದು ನದಿಗೇ ಸೇರಿದ ರಸ್ತೆಯೂ ಹೌದು. ದೋಣಿಗಳನ್ನು ಮೇಲಕ್ಕೆ ಸೆಳೆಯಲು ಅದು ಬೇಕಾಗಿತ್ತು.

ನಿಮ್ಮ ಪ್ರಶ್ನೆಯ ತಿರುಳು ಇರುವುದು ಐದು ಮತ್ತು ಆರನೆಯ ಸಾಲಿನಲ್ಲಿ. ಅಲ್ಲಿಯೇ ಬಂಡೆ ಹಾಳಾಗಿದೆ. ಫಲಕದ ಬುಡದಲ್ಲಿ ಮೀನುಗಾರರು, ದಾರಿಹೋಕರು ಶತಮಾನಗಳ ಕಾಲ ಬೆಂಕಿ ಹಾಕಿದ್ದಾರೆ. ಮೇಲೆ ಬಂಡೆಯ ಚಾಚು, ಎದುರಿಗೆ ನದಿ, ರಾತ್ರಿ ತಂಗಲು ಅದಕ್ಕಿಂತ ಒಳ್ಳೆಯ ಜಾಗ ಅಲ್ಲಿರಲಿಲ್ಲ. ಸುಣ್ಣಕಲ್ಲು ಬೆಂಕಿಯ ಕಾವಿಗೆ ಕಪ್ಪಾಗಿ ಪದರ ಪದರವಾಗಿ ಕಳಚಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಥಿಯೊಡೊರ್ ಮೊಮ್ಸೆನ್ ನೇತೃತ್ವದಲ್ಲಿ ಲ್ಯಾಟಿನ್ ಶಾಸನಗಳ ಮಹಾಸಂಪುಟಗಳು ಸಿದ್ಧವಾಗುತ್ತಿದ್ದಾಗ ಈ ಎರಡು ಸಾಲುಗಳಲ್ಲಿ ಬಿಡಿ ಬಿಡಿ ಅಕ್ಷರಗಳಷ್ಟೇ ಉಳಿದಿದ್ದವು. ‘ಮೊಂತಿ...’ ಎಂಬಲ್ಲಿ ಬೆಟ್ಟ ಇದೆ. ಮುಂದೆ ‘ಆನ್...’ ಎಂದೋ ‘ಆಮ್...’ ಎಂದೋ ಏನೋ ಒಂದು. ಕೊನೆಯಲ್ಲಿ ‘ವಿಯಾ’, ರಸ್ತೆ. ನಡುವಿನ ಬಿಟ್ಟ ಸ್ಥಳಗಳನ್ನು ವಿದ್ವಾಂಸರು ಲ್ಯಾಟಿನ್ ಬಲ್ಲವರಿಗೆ ಸಹಜವಾಗಿ ಹೊಳೆಯುವ ಪದಗಳಿಂದ ತುಂಬಿದರು. ಒಬ್ಬರಿಗೆ ಅದು ‘ಅನ್‌ಫ್ರಾಕ್ತಿಬುಸ್ ಸುಪೆರಾತಿಸ್’, ತಿರುವುಗಳನ್ನು ಜಯಿಸಿ. ಇನ್ನೊಬ್ಬರಿಗೆ ‘ಅಮ್ನಿಬುಸ್ ಸುಪೆರಾತಿಸ್’, ಹೊಳೆಗಳನ್ನು ಜಯಿಸಿ. ನೀವು ಕಂಡ ಮೊದಲ ಅನುವಾದ ಈ ಹಳೆಯ ಓದಿನ ಸಂತತಿ. ಕಿವಿಗೆ ಇಂಪಾಗಿದೆ, ಚಕ್ರವರ್ತಿಯ ಘನತೆಗೂ ಹೊಂದುತ್ತದೆ. ಆದರೆ ಅದನ್ನು ಕೈಬಿಡಬೇಕು.

ಈಗ ಬಹುಪಾಲು ವಿದ್ವಾಂಸರು ಒಪ್ಪುವ ಓದು ಇದು: ‘ಮೊಂತಿಬುಸ್ ಎಕ್ಸ್‌ಕಿಸಿಸ್, ಅಂಕೋನಿಬುಸ್ ಸುಬ್ಲಾತಿಸ್, ವಿಯಾಮ್ ಫೇಕಿತ್’. ಬೆಟ್ಟಗಳನ್ನು ಕಡಿದು, ‘ಅಂಕೋನ್’ಗಳನ್ನು ಎತ್ತಿ, ರಸ್ತೆಯನ್ನು ಮಾಡಿದನು. ಕೊನೆಯ ಕ್ರಿಯಾಪದವನ್ನು ಕೆಲವರು ‘ರೆಫೇಕಿತ್’, ಅಂದರೆ ಮತ್ತೆ ಮಾಡಿದನು ಎಂದು ಓದುತ್ತಾರೆ.

ಅಂಕೋನ್ ಗ್ರೀಕ್ ಮೂಲದ ಪದ. ಮೊದಲ ಅರ್ಥ ಮೊಣಕೈ. ಕಟ್ಟಡ ಕಟ್ಟುವವರ ಮಾತಿನಲ್ಲಿ ಅದು ಗೋಡೆಯಿಂದ ಹೊರಚಾಚಿ ಭಾರ ಹೊರುವ ಆಸರೆ. ನಮ್ಮ ದೇವಾಲಯಗಳ ಕಂಬದ ಮೇಲಿಂದ ಓರೆಯಾಗಿ ಚಾಚುವ ಆಸರೆಯನ್ನು ಮದನಕೈ ಎನ್ನುತ್ತೇವಲ್ಲ, ಅಲ್ಲಿಯೂ ಕೈ ಇದೆ. ಕೈ ಚಾಚಿ ಹೊರುವುದನ್ನು ಎರಡೂ ಕಡೆಯ ಕುಶಲಕರ್ಮಿಗಳು ದೇಹದಿಂದಲೇ ಕಲಿತಂತೆ ಕಾಣುತ್ತದೆ. ಡ್ಯಾನ್ಯೂಬಿನ ಬಂಡೆಯಲ್ಲಿ ಇದರ ಕೆಲಸ ಹೀಗಿತ್ತು: ಕಡಿದಾದ ಬೆಟ್ಟದ ಪಕ್ಕದಲ್ಲಿ ಕಿರಿದಾದ ಮೆಟ್ಟಿಲಿನಂತೆ ಬಂಡೆಯನ್ನು ಕಡಿಯುತ್ತಿದ್ದರು. ಅದಷ್ಟರಿಂದಲೇ ಅಗಲ ಸಾಲದಿದ್ದಲ್ಲಿ ಬಂಡೆಯಲ್ಲಿ ಸಾಲಾಗಿ ಚೌಕ ತೂತುಗಳನ್ನು ಕೊರೆದು, ಮರದ ತೊಲೆಗಳನ್ನು ಸಿಗಿಸಿ, ನೀರಿನ ಮೇಲೆ ಚಾಚುವಂತೆ ಬಿಟ್ಟು, ಮೇಲೆ ಹಲಗೆ ಹಾಸುತ್ತಿದ್ದರು. ದಾರಿಯ ಅರ್ಧ ಕಲ್ಲಿನ ಮೇಲೆ, ಅರ್ಧ ಗಾಳಿಯಲ್ಲಿ. ಮರ ಎಂದೋ ಕೊಳೆತುಹೋಯಿತು, ತೂತುಗಳು ಉಳಿದವು. ಅಣೆಕಟ್ಟಿನ ನೀರು ಏರುವ ಮುನ್ನ ಪುರಾತತ್ವಜ್ಞರು ಅಳೆದು ದಾಖಲಿಸಿದ ಮುಖ್ಯ ಕುರುಹುಗಳಲ್ಲಿ ಈ ತೂತುಗಳೂ ಸೇರಿವೆ.

ಅನುಮಾನದ ಇನ್ನೊಂದು ಎಳೆ ‘ಸುಬ್ಲಾತಿಸ್’ ಎಂಬ ಪದದಲ್ಲಿದೆ. ಅದರ ಧಾತು ‘ತೊಲ್ಲೆರೆ’. ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ. ಗೋಡೆ ಎತ್ತಿದರು ಎಂದರೆ ಕಟ್ಟಿದರು. ಬೀದಿಬದಿಯ ಅಂಗಡಿ ಎತ್ತಿಸಿದರು ಎಂದರೆ ತೆಗೆಸಿ ಹಾಕಿದರು. ಒಂದೇ ‘ಎತ್ತು’ ಎರಡು ಕಡೆಗೂ ತಿರುಗುತ್ತದೆ, ಲ್ಯಾಟಿನ್ ತೊಲ್ಲೆರೆ ಕೂಡ ಹಾಗೆಯೇ. ಟ್ರಾಜನ್ ತೊಲೆಗಳನ್ನು ಎತ್ತಿ ನಿಲ್ಲಿಸಿದನೆ, ಇಲ್ಲವೆ ಹಿಂದಿನವರ ಹಳೆಯ ತೊಲೆಗಳನ್ನು ಎತ್ತಿ ಹಾಕಿ, ಬಂಡೆಯನ್ನೇ ಇನ್ನಷ್ಟು ಕಡಿದು ಗಟ್ಟಿ ರಸ್ತೆ ಮಾಡಿದನೆ? ವ್ಯಾಕರಣ ಎರಡಕ್ಕೂ ಒಪ್ಪುತ್ತದೆ.

ಎರಡನೆಯ ಅರ್ಥಕ್ಕೆ ಬಲವಿಲ್ಲದಿಲ್ಲ, ಏಕೆಂದರೆ ಹಿಂದಿನವರು ಇದ್ದರು. ಕಮರಿಯ ಮೇಲ್ಭಾಗದಲ್ಲಿ, ಗೊಸ್ಪೊಜಿನ್ ವೀರ್ ಎಂಬಲ್ಲಿ, ಚಕ್ರವರ್ತಿ ಟಿಬೇರಿಯಸ್ ಕಾಲದ ಶಾಸನವಿತ್ತು. ಅದರ ಕಾಲ ಕ್ರಿ.ಶ. 33-34. ಅದರಲ್ಲಿ ನಾಲ್ಕನೆಯ ಸ್ಕಿಥಿಕಾ ಮತ್ತು ಐದನೆಯ ಮಕೆದೊನಿಕಾ ಎಂಬ ಎರಡು ಲೀಜನ್‌ಗಳ, ಅಂದರೆ ರೋಮನ್ ಸೇನಾದಳಗಳ, ಹೆಸರಿದೆ. ಅದರ ನಂತರ ಚಕ್ರವರ್ತಿ ಕ್ಲಾಡಿಯಸ್. ಆಮೇಲೆ ಡೊಮಿಶಿಯನ್. ಇವನ ಶಾಸನ ರಸ್ತೆಯ ಕಷ್ಟವನ್ನೇ ಬಿಚ್ಚಿ ಹೇಳುತ್ತದೆ: ಹಳೆಯದಾಗಿ, ಡ್ಯಾನ್ಯೂಬಿನ ಹೊಡೆತಕ್ಕೆ ಹಾಳಾಗಿದ್ದ ದಾರಿಯನ್ನು ಮತ್ತೆ ಸರಿಪಡಿಸಲಾಯಿತು ಎಂದು. ವಸಂತದಲ್ಲಿ ಹಿಮ ಕರಗಿ ನದಿ ಉಬ್ಬಿದಾಗ, ಚಳಿಗಾಲದಲ್ಲಿ ಮಂಜುಗಡ್ಡೆಯ ಹಾಸುಗಳು ತೇಲಿಬಂದು ಬಡಿದಾಗ, ಚಾಚಿದ ತೊಲೆಗಳ ಗತಿ ಏನಾಗುತ್ತಿತ್ತೆಂದು ಊಹಿಸಬಹುದು. ಒಟ್ಟಿನಲ್ಲಿ ಟ್ರಾಜನ್ ಫಲಕದ ಹಿಂದೆ ಅರವತ್ತೈದು ವರ್ಷಕ್ಕೂ ಮಿಕ್ಕಿದ ಕೆಲಸವಿದೆ. ಪ್ರವಾಸದ ಮಾರ್ಗದರ್ಶಿಗಳು ಇಡೀ ರಸ್ತೆಯನ್ನು ಟ್ರಾಜನ್ ಒಬ್ಬನ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಅವನ ಫಲಕ ಚೆನ್ನಾಗಿ ಉಳಿಯಿತು, ಅವನ ಹೆಸರೂ ದೊಡ್ಡದು, ಅಷ್ಟೇ.

ಆದರೂ ನಾನು ಮೊದಲ ಅರ್ಥದ ಪರ, ತೊಲೆಗಳನ್ನು ಎತ್ತಿ ನಿಲ್ಲಿಸಿ ಎಂಬುದರ ಪರ. ಇದಕ್ಕೆ ನನ್ನ ಮುಖ್ಯ ಆಧಾರ ಅದೇ ಕಮರಿಯಲ್ಲಿ ಸಿಕ್ಕಿರುವ ಇನ್ನೊಂದು ಸಣ್ಣ ಶಾಸನ. ಹರ್ಕ್ಯುಲಿಸ್ ದೇವರಿಗೆ ಹರಕೆ ತೀರಿಸಿದ ಕಲ್ಲು ಅದು. ಅದರ ಮಾತನ್ನು ಕನ್ನಡದಲ್ಲಿ ಹೇಳುವುದಾದರೆ: ‘ಹರ್ಕ್ಯುಲಿಸನಿಗೆ ಅರ್ಪಿತ. ನಾಲ್ಕನೆಯ ಫ್ಲಾವಿಯಾ ಮತ್ತು ಏಳನೆಯ ಕ್ಲಾಡಿಯಾ ಲೀಜನ್‌ಗಳಿಂದ ಅಂಕೋನ್‌ಗಳನ್ನು ಮಾಡಲು ಹೊರಟುಬಂದ ಕಲ್ಲುಕುಟಿಗರು ತಮ್ಮ ಹರಕೆ ಸಲ್ಲಿಸಿದರು’.

ಈ ಒಂದು ವಾಕ್ಯ ನನ್ನ ಮಟ್ಟಿಗೆ ಇಡೀ ಚಕ್ರವರ್ತಿ ಫಲಕದಷ್ಟೇ ಬೆಲೆಯುಳ್ಳದ್ದು. ಬೆಂಕಿಯ ಕಾವಿಗೆ ಫಲಕದಲ್ಲಿ ಒಡೆದುಹೋದ ಪದವೇ ಇಲ್ಲಿ, ಕೆಲಸಗಾರರ ಬಾಯಲ್ಲಿ, ಇಡಿಯಾಗಿ ಇದೆ: ‘ಅಂಕೋನೆಸ್’. ವಿದ್ವಾಂಸರು ತಿರುವು, ಹೊಳೆ ಎಂದು ತಡಕಾಡುತ್ತಿದ್ದ ಜಾಗಕ್ಕೆ ನಿಜವಾದ ಪದವನ್ನು ಉಳಿಸಿಕೊಟ್ಟವರು ಉಳಿ ಹಿಡಿದವರೇ. ಅವರು ಬಂದದ್ದು ಅಂಕೋನ್‌ಗಳನ್ನು ‘ಮಾಡಲು’, ತೆಗೆದುಹಾಕಲು ಅಲ್ಲ. ಹರಕೆಯ ಕಲ್ಲಿನಲ್ಲಿ ಚಕ್ರವರ್ತಿಯ ಹೆಸರಿಲ್ಲ, ವರ್ಷವಿಲ್ಲ. ಆದರೆ ನಾಲ್ಕನೆಯ ಫ್ಲಾವಿಯಾ ಈ ಗಡಿಗೆ ಬಂದದ್ದು ಡೊಮಿಶಿಯನ್ ಕಾಲದಲ್ಲಿ, 86ರ ಸುಮಾರಿಗೆ. ಆದ್ದರಿಂದ ಆ ಕಲ್ಲು ಅದಕ್ಕಿಂತ ಹಳೆಯದಾಗಿರಲಾರದು. ಟ್ರಾಜನ್‌ನ ಕೆಲಸಕ್ಕೆ ಸೇರಿದ್ದೆಂದು ಹೇಳಲು ಅಡ್ಡಿಯಿಲ್ಲ, ಡೊಮಿಶಿಯನ್‌ನ ದುರಸ್ತಿಯ ಕಾಲದ್ದೂ ಆಗಬಹುದು. ಎರಡನೆಯದು ನಿಜವಾದರೆ ನನ್ನ ವಾದ ಸ್ವಲ್ಪ ಸಡಿಲವಾಗುತ್ತದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆಗಲೂ ‘ಅಂಕೋನ್’ ಎಂಬ ಪದ ಮಾತ್ರ ಅಲುಗುವುದಿಲ್ಲ.

ಇನ್ನೊಂದು ಸೂಕ್ಷ್ಮ. ಹರಕೆ ಹೊತ್ತವರು ಬಡಗಿಗಳಲ್ಲ, ‘ಲಪಿದಾರಿ’, ಕಲ್ಲುಕುಟಿಗರು. ಮರದ ತೊಲೆ ಮಾಡಲು ಕಲ್ಲುಕುಟಿಗರು ಏಕೆ? ಬಂಡೆಯಲ್ಲಿ ತೂತು ಕೊರೆಯುವುದೇ ಆ ಕೆಲಸದ ಕಷ್ಟದ ಪಾಲು, ತೊಲೆ ಸಿಗಿಸುವುದು ಆಮೇಲಿನ ಮಾತು. ತೂತಿನ ಆಳ ಕಡಿಮೆಯಾದರೆ ತೊಲೆ ಕಿತ್ತುಬರುತ್ತದೆ, ಬಾಯಿ ಅಗಲವಾದರೆ ಅಲುಗಾಡುತ್ತದೆ. ಕೆಳಗೆ ಕುದಿಯುವ ನೀರು. ಅಂಥಲ್ಲಿ ನಿಂತು ಸುತ್ತಿಗೆ ಬೀಸಿದವರು ಬಲಶಾಲಿ ಹರ್ಕ್ಯುಲಿಸನಿಗೆ ಹರಕೆ ಹೊತ್ತರು, ಬದುಕುಳಿದವರು ಅದನ್ನು ತೀರಿಸಿದರು. ಟಿಬೇರಿಯಸ್‌ನ ಶಾಸನದಲ್ಲಿ ಲೀಜನ್‌ಗಳ ಹೆಸರಾದರೂ ಇದೆ. ಟ್ರಾಜನ್‌ನ ಫಲಕದಲ್ಲಿ ಅದೂ ಇಲ್ಲ. ಬೆಟ್ಟ ಕಡಿದದ್ದಕ್ಕೂ ತೊಲೆ ಎತ್ತಿದ್ದಕ್ಕೂ ಅಲ್ಲಿ ಒಬ್ಬನೇ ಕರ್ತೃ. ಹೀಗಾಗಿ ಆ ಹರಕೆಯ ಕಲ್ಲಿನ ಪ್ರಸ್ತಾಪ ಇಲ್ಲದೆ ಫಲಕದ ಬಗ್ಗೆ ಮಾತನಾಡಲು ನನಗೆ ಮನಸ್ಸಾಗುವುದಿಲ್ಲ.

‘ಮಾಡಿದನು’ ಮತ್ತು ‘ಮತ್ತೆ ಮಾಡಿದನು’ ಎಂಬ ಗೊಂದಲವೂ ಇದಕ್ಕೇ ಹೆಣೆದುಕೊಂಡಿದೆ. ಹಳೆಯ ತೊಲೆಗಳನ್ನು ತೆಗೆದನೆಂದು ಓದಿದರೆ ‘ಮತ್ತೆ ಮಾಡಿದನು’ ಸಹಜ. ಹೊಸದಾಗಿ ಎತ್ತಿ ನಿಲ್ಲಿಸಿದನೆಂದು ಓದಿದರೆ ‘ಮಾಡಿದನು’ ಹೆಚ್ಚು ಒಗ್ಗುತ್ತದೆ. ನಾನು ಹೇಳಿದ ಟಿಬೇರಿಯಸ್ ಶಾಸನ ಇರುವುದು ಕಮರಿಯ ಮೇಲ್ಭಾಗದಲ್ಲಿ, ಟ್ರಾಜನ್ ಫಲಕ ಇರುವುದು ಕಜಾನ್ ಇಕ್ಕಟ್ಟು ಮುಗಿಯುವಲ್ಲಿ. ಅತ್ಯಂತ ಕಠಿಣವಾದ ಈ ತುಣುಕನ್ನು ಮೊದಲ ಬಾರಿಗೆ ಪೂರ್ತಿಯಾಗಿ ದಾಟಿದ್ದು ಟ್ರಾಜನ್‌ನ ಕಾಲದಲ್ಲೇ ಎಂದು ಭಾವಿಸಿದರೆ ಎಲ್ಲ ಸಂಗತಿಗಳೂ ಹೊಂದುತ್ತವೆ. ಇದು ನನ್ನ ತೀರ್ಮಾನ. ಬೇರೆಯಾಗಿ ಯೋಚಿಸುವವರೂ ಇದ್ದಾರೆ.

ರಸ್ತೆ ಒಂದರಿಂದಲೇ ಕೆಲಸ ಮುಗಿಯಲಿಲ್ಲ. ಕೆಳಗೆ ಕರತಾಶ್ ಎಂಬಲ್ಲಿ 1969ರಲ್ಲಿ ಟ್ರಾಜನ್‌ನ ಇನ್ನೊಂದು ಶಾಸನ ದೊರೆಯಿತು. ಅದರ ಕಾಲ 101. ‘ಜಲಪಾತಗಳ ಅಪಾಯದಿಂದಾಗಿ ನದಿಯನ್ನು ಬೇರೆಡೆಗೆ ತಿರುಗಿಸಿ ಡ್ಯಾನ್ಯೂಬಿನ ನೌಕಾಯಾನವನ್ನು ಸುರಕ್ಷಿತಗೊಳಿಸಿದನು’ ಎಂದು ಅದು ಹೇಳುತ್ತದೆ. ಬಂಡೆಗಳನ್ನು ಬಳಸಿಕೊಂಡು ಹೋಗಲು ಮೂರು ಕಿಲೋಮೀಟರಿಗೂ ಉದ್ದದ ಕಾಲುವೆ ತೋಡಿದ್ದರು. ಅಲ್ಲಿಂದ ಇನ್ನೂ ಕೆಳಗೆ 103ರಿಂದ 105ರ ನಡುವೆ ಡಮಾಸ್ಕಸ್‌ನ ಅಪೊಲೊಡೊರಸ್ ಕಟ್ಟಿದ ಸೇತುವೆ. ಇಪ್ಪತ್ತು ಕಂಬಗಳು, ಒಂದು ಕಿಲೋಮೀಟರಿಗೂ ಮಿಕ್ಕ ಉದ್ದ. ರಸ್ತೆ, ಕಾಲುವೆ, ಸೇತುವೆ, ಮೂರೂ ಆರು ವರ್ಷಗಳೊಳಗೆ. 106ರಲ್ಲಿ ಡೇಸಿಯಾ ಬಿದ್ದಿತು. ಸೇತುವೆಯ ಕಂಬಗಳ ಬುಡ ಇಂದಿಗೂ ಎರಡೂ ದಡದಲ್ಲಿ ನೋಡಲು ಸಿಗುತ್ತದೆ. ಈ ಪ್ರವಾಸದಲ್ಲಿ ತಪ್ಪಿಸಿಕೊಂಡಿದ್ದರೆ ಮುಂದಿನ ಸಲ ಕ್ಲಾದೊವೊದಲ್ಲಿ ಒಂದು ದಿನ ಉಳಿಯಿರಿ.

ಎದುರಿನ ರೊಮೇನಿಯಾ ದಡದಲ್ಲಿ ಬೆಟ್ಟದಲ್ಲೇ ಕೆತ್ತಿದ ದೈತ್ಯ ಮುಖವನ್ನೂ ನೀವು ಕಂಡಿರುತ್ತೀರಿ. ಅದು ಡೆಸೆಬಾಲಸ್. ಅದು ಪ್ರಾಚೀನವಲ್ಲ, 1994ರಿಂದ 2004ರವರೆಗೆ ಕೆತ್ತಿದ್ದು. ಅಂತೆಯೇ ಟ್ರಾಜನ್ ಫಲಕದ ಮೇಲೆ ದೊಡ್ಡದಾಗಿ ಕಾಣುವ ‘ತಾಬುಲಾ ತ್ರಾಯಾನಾ’ ಎಂಬ ಅಕ್ಷರಗಳೂ ಆಧುನಿಕ. ದೂರದಿಂದ ತೆಗೆದ ಚಿತ್ರಗಳಲ್ಲಿ ಅನೇಕರು ಅದನ್ನೇ ಶಾಸನವೆಂದು ತಿಳಿಯುತ್ತಾರೆ.

ನೀವು ತೆಗೆದ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಸುಮಾರು ನಾಲ್ಕು ಮೀಟರ್ ಅಗಲ, ಒಂದು ಮುಕ್ಕಾಲು ಮೀಟರ್ ಎತ್ತರದ ಚೌಕಟ್ಟು. ಅಕ್ಕಪಕ್ಕದಲ್ಲಿ ಡಾಲ್ಫಿನ್‌ಗಳು, ಮೇಲೆ ರೆಕ್ಕೆ ಬಿಚ್ಚಿದ ಹದ್ದು. ಮೊದಲ ಸಾಲುಗಳನ್ನು ಬಿಸಿಲು ಓರೆಯಾಗಿ ಬಿದ್ದಾಗ ಈಗಲೂ ಓದಬಹುದು. ಕಣ್ಣನ್ನು ನಿಧಾನವಾಗಿ ಕೆಳಗಿಳಿಸಿ. ಅಕ್ಷರಗಳು ಸವೆದು ಬಂಡೆಯ ಒರಟಿನೊಳಗೆ ಕರಗತೊಡಗುವ ಕಡೆ, ಎಡದಿಂದ ‘ಮೊಂತಿ’ ಎಂಬಷ್ಟು ಸಿಕ್ಕಿದರೆ ಅದು ಐದನೆಯ ಸಾಲು. ಆ ಸಾಲಿನ ಬಲತುದಿಯಲ್ಲಿ ‘ಅಂಕೋ’ ಇದೆ.